ಯಾರಿಗೂ ತೊಂದರೆ ಆಗಲಿಲ್ಲ

ಅಕ್ಕನ ಮಲಗುವ ಕೋಣೆಯ ಬೀರುವಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ತನ್ನ ಮುಖವಿದ್ದ ಪುಟ್ಟ ಚೌಕದೊಳಗೆ, ಕಿವಿಯ ಹಿಂದೆ, ಭಾವನ ಪ್ಯಾಂಟಿನ ಒಂದು ಕಾಲು ಇಣುಕುತ್ತಿರುವುದನ್ನು ಕಂಡು ಅವಳು ಎದ್ದು ಹೋಗಿ ಬಾಗಿಲನ್ನು ಒತ್ತಿ ಬಂದಳು. ಕೂತಳೋ ಇಲ್ಲವೋ ಅದು ಕಿರ್ರೆಂದು ಮತ್ತೆ ತೆರೆದುಕೊಂಡಿತು. "ತಡಿಯೇ ಗುಬ್ಬಿ, ನಾನು ನೋಡ್ತೀನಿ," ಎಂದು ಅಕ್ಕ ಸ್ಟೂಲು ಎಳೆದುಕೊಂಡು ಹತ್ತಿ, ಬಳಸದೆ ಎತ್ತಿಟ್ಟಿದ್ದ ತಿಳಿನೀಲಿ ಬೆಡ್‌ಶೀಟನ್ನು ಬೀರುವಿನ ಮೇಲಿಂದ ಇಳಿಬಿಟ್ಟು, ಜಾರದಂತೆ ಮೇಲೊಂದು ಸೂಟ್‌ಕೇಸು ಹೇರಿದಳು. ಇಳಿದು ಬಂದು ತಂಗಿಯ ಭುಜದ ಮೇಲಿಂದ ಬಗ್ಗಿ ಪರದೆ ನೋಡಿದಳು. "ಈಗ ನೋಡು. ಆಫೀಸಿನ ಗೋಡೆ ಥರಾನೇ ಇದೆ." ಚೌಕದಲ್ಲಿ ಈಗ ಎರಡು ಮುಖಗಳಿದ್ದವು. ಅಕ್ಕನ ಹಣೆಯಲ್ಲಿ ಬೆವರಿತ್ತು, ಕೂದಲನ್ನು ಹೇಗೋ ಗಂಟು ಹಾಕಿಕೊಂಡಿದ್ದಳು, ನೈಟಿಯ ತೋಳಿನ ಹೊಲಿಗೆ ಬಿಟ್ಟಿತ್ತು. ಸಂದರ್ಶನ ಮಾಡುವವರು ಈ ಗಳಿಗೆಯಲ್ಲೇ ಪರದೆಗೆ ಬಂದುಬಿಟ್ಟರೆ ಎಂದು ತಂಗಿಗೆ ಅಳುಕಾಯಿತು. ಪರದೆ ಸರಿಮಾಡುವವಳಂತೆ ಕೊಂಚ ತಿರುಗಿಸಿ ಅಕ್ಕನನ್ನು ಚೌಕದಿಂದ ಹೊರಗೆ ಹಾಕಿದಳು. ಅಕ್ಕನಿಗೆ ಅದು ತಿಳಿಯಿತೋ ಇಲ್ಲವೋ. "ನಾನು ಅಡುಗೆಮನೇಲಿ ಇರ್ತೀನಿ. ಪಾತ್ರೆ ಸದ್ದು ಮಾಡಲ್ಲ ಬಿಡು," ಎಂದು ಕೋಣೆಯ ಬಾಗಿಲೆಳೆದುಕೊಂಡು ಹೋದಳು. ಆ ಬಾಗಿಲೂ ಅಷ್ಟೇ, ಬೆರಳು ತೂರುವಷ್ಟು ಸಂದಿ ಬಿಟ್ಟೇ ನಿಲ್ಲುತ್ತಿತ್ತು.

ತಂಗಿಯ ಬಾಡಿಗೆ ಕೋಣೆಯಲ್ಲಿ ಕೂತು ಮಾತಾಡುವ ಹಾಗಿರಲಿಲ್ಲ. ಜೊತೆಗಿದ್ದ ನರ್ಸು ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಿದ್ದಳು. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಯಂತ್ರ ಹಲ್ಲು ಜುಮ್ಮೆನ್ನುವಂತೆ ಕಿರುಚುತ್ತಿತ್ತು. ಇದನ್ನೆಲ್ಲ ಫೋನಿನಲ್ಲಿ ಸುಮ್ಮನೆ ಹೇಳಿಕೊಂಡಾಗ ಅಕ್ಕ ತಟ್ಟನೆ, "ನಮ್ಮನೆಗೇ ಬಾರೆ. ಈಗ ಹಗಲು ಹೊತ್ತು ಇಲ್ಲಿ ನಾನೊಬ್ಬಳೇ ತಾನೆ," ಅಂದಿದ್ದಳು. 'ಈಗ' ಎಂಬ ಮಾತನ್ನು ಅಕ್ಕ ಒತ್ತಿ ಹೇಳಿರಲಿಲ್ಲ. ಆದರೂ ಅದು ಅವಳ ಕಿವಿಯಲ್ಲಿ ಕಲ್ಲಿನ ಹರಳಿನ ಹಾಗೆ ಉಳಿದುಕೊಂಡಿತು. ಈಗ ಎಂದರೆ ಕನ್ನಡಕದ ಅಂಗಡಿ ಮುಚ್ಚಿದ ಮೇಲೆ. ಮದುವೆಯಾದ ವರ್ಷದಿಂದ ಅಕ್ಕ ಆ ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ಬಂದವರ ಮೂಗು, ಕಿವಿ, ಕೆನ್ನೆ ನೋಡಿ ಫ್ರೇಮು ಆರಿಸಿಕೊಡುವುದು, ಸಡಿಲವಾದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು, ಕನ್ನಡಿ ಹಿಡಿದು "ಚೆನ್ನಾಗಿ ಒಪ್ಪುತ್ತೆ ನಿಮಗೆ" ಅನ್ನುವುದು. ಮನೆಯಲ್ಲೂ ಯಾರಾದರೂ ಹೊಸಬರು ಬಂದರೆ ಅವರ ಮುಖವನ್ನು ಒಂದು ಕ್ಷಣ ಹಾಗೇ ನೋಡುವಳು, ಭಾವ ನಗುವನು: "ಶುರುವಾಯ್ತು ನೋಡು, ಅಳತೆ ತಗೊಳೋದು."

ಆ ಅಂಗಡಿ ಯಾವ ಕಂಪನಿಯದೋ ಅದರ ಹೆಡ್ ಆಫೀಸಿನಲ್ಲೇ ತಂಗಿಗೆ ಕೆಲಸ. ಎಲ್ಲ ಬ್ರಾಂಚುಗಳ ಅಂಕಿಅಂಶ ಕೂಡಿಸಿ ವಾರದ ವರದಿ ಮಾಡುವುದು. ಆ ಕೆಲಸ ಹಿಡಿಸಿಕೊಟ್ಟವಳೂ ಅಕ್ಕನೇ. ತಪಾಸಣೆಗೆ ಬಂದ ದೊಡ್ಡ ಮ್ಯಾನೇಜರರನ್ನು ಕಾರಿನವರೆಗೂ ಬೆನ್ನುಹತ್ತಿ ಹೋಗಿ, "ಸಾರ್, ನನ್ನ ತಂಗಿ ಕಂಪ್ಯೂಟರಿನಲ್ಲಿ ಬಹಳ ಚುರುಕು, ಒಂದು ಸಲ ನೋಡಿ ಸಾರ್," ಎಂದು ಕೇಳಿಕೊಂಡಿದ್ದಳಂತೆ. ಇದನ್ನು ಅಕ್ಕ ಯಾವತ್ತೂ ಹೇಳಿದವಳಲ್ಲ. ಮ್ಯಾನೇಜರೇ ಒಮ್ಮೆ ಎಲ್ಲರೆದುರಿಗೆ ಹೇಳಿ ನಕ್ಕಿದ್ದರು, ಅವಳೂ ನಕ್ಕಿದ್ದಳು. ಕಾರಿನ ಕಿಟಕಿಗೆ ಬಗ್ಗಿ ನಿಂತ ಅಕ್ಕನನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ನಗುವುದು ಎಷ್ಟು ಸುಲಭವಾಗಿತ್ತು ಎಂದು ಆಮೇಲೆ ಲಿಫ್ಟಿನಲ್ಲಿ ಇಳಿಯುವಾಗ ಅವಳಿಗೆ ಅನ್ನಿಸಿ ಮುಖ ಬಿಸಿಯಾಗಿತ್ತು. ಲಿಫ್ಟಿನಿಂದ ಹೊರಬಿದ್ದ ಮೇಲೆ ಮರೆತೂ ಹೋಗಿತ್ತು.

ಕಳೆದ ವರ್ಷವೂ ಅವಳು, ಇವತ್ತು ಸಂದರ್ಶನ ಮಾಡಲಿದ್ದ ಇದೇ ವಿಶ್ವವಿದ್ಯಾಲಯದ ಡೇಟಾ ಅನಾಲಿಟಿಕ್ಸ್ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿ ಸೋತಿದ್ದಳು. ಹೇಳಿಕೊಳ್ಳುವಂಥ ಕೆಲಸ ಏನನ್ನೂ ಮಾಡಿಲ್ಲ ಎಂಬರ್ಥದ ಉತ್ತರ ಬಂದಿತ್ತು, ನಯವಾದ ಭಾಷೆಯಲ್ಲಿ. ಆಮೇಲೇ ಬ್ರಾಂಚುಗಳನ್ನು ತೂಗಿ ನೋಡುವ ಕೆಲಸ ಕೈಗೆ ಬಂದದ್ದು. ಯಾವ ಅಂಗಡಿಗಳು ಕಂಪನಿಗೆ ಭಾರ, ಯಾವುವು ಅಲ್ಲ ಎಂದು ನೋಡಿ ಹೇಳಬೇಕಿತ್ತು. ಮಾರಾಟ, ಬಾಡಿಗೆ, ಒಳಗೆ ಬಂದವರು, ಕೊಂಡು ಹೋದವರು, ಎಲ್ಲವನ್ನೂ ಅವಳು ವಾರಗಟ್ಟಲೆ ತೊಳೆದು ಬಳಿದು ಒಂದು ಚಾರ್ಟಿಗೆ ತಂದಳು. ಪ್ರತಿ ಅಂಗಡಿಗೆ ಒಂದು ಚುಕ್ಕಿ. ಮೇಲೆ ಒತ್ತೊತ್ತಾಗಿ ಚುಕ್ಕಿಗಳ ಗುಂಪು, ಕೆಳಗೆ ಚದುರಿದ ಕೆಲವು, ನಡುವೆ ಬೆಳ್ಳಗೆ ಖಾಲಿ ಜಾಗ. ಕೆಳಗಿನ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು, ಖಾಲಿ ಜಾಗದ ಅಂಚಿಗೆ ಕೂತಿದ್ದದ್ದು ಅಕ್ಕನ ಅಂಗಡಿ. "ಗೀಟು ಎಲ್ಲಿ ಹಾಕೋಣ? ಅದರ ಕೆಳಗಿನವನ್ನ ಮುಚ್ಚೋದು. ನೀನೇ ಹೇಳು," ಅಂದಿದ್ದರು ಮ್ಯಾನೇಜರು. ಅಕ್ಕನ ಚುಕ್ಕಿಯ ಕೆಳಗೆ ಎಳೆದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅದಕ್ಕೊಂದು ಕಾರಣ ಕೊಡಲು ಅವಳಿಗೆ ಬರುತ್ತಿತ್ತು. ಅಕ್ಕನ ಪರ ವಹಿಸಿದಳು ಅಂದಾರು ಎಂಬ ಅಂಜಿಕೆಯಿಂದ ಮೇಲೆ ಎಳೆದೆ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಮೌಸು ಹಿಡಿದ ಕೈ ಆ ಬಿಳಿಯ ಖಾಲಿ ಜಾಗಕ್ಕೆ ಹೋದಾಗ ಅವಳ ತಲೆಯಲ್ಲಿ ಅಂಜಿಕೆ ಇರಲೇ ಇಲ್ಲ. ಗೀಟು ಅಲ್ಲಿ ಚೆಂದ ಕಾಣುತ್ತಿತ್ತು, ಅಷ್ಟೇ. "ನೀಟಾಗಿದೆ," ಅಂದರು ಮ್ಯಾನೇಜರು. ಆ ಒಂದು ಮಾತಿನ ಖುಷಿಯಲ್ಲೇ ಅವಳು ಆ ಸಂಜೆ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದಳು. ಎರಡು ಸಲ ಬಡಿಸಿಕೊಂಡು ಉಂಡಿದ್ದಳು.

ಅಂಗಡಿ ಮುಚ್ಚಿದ ಸುದ್ದಿ ಬಂದ ದಿನ ಅಕ್ಕ ಇದೇ ಮಂಚದ ಮೇಲೆ ಕೂತು, "ನಿಮ್ಮ ಹೆಡ್ ಆಫೀಸಿನಲ್ಲಿ ಯಾವನೋ ಕೂತು ಗೀಟು ಎಳೆದಿದಾನೆ ಕಣೇ, ನಮ್ಮ ಮುಖ ಕೂಡ ನೋಡಿಲ್ಲ," ಎಂದಾಗ ಅವಳು ಹೂಂಗುಟ್ಟಿದ್ದಳು. ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. "ಅವರೆಲ್ಲ ಹಾಗೇ," ಎಂದೂ ಸೇರಿಸಿದ್ದಳು.

ಪರದೆ ಬೆಳಗಿತು. ಮೂರು ಚೌಕಗಳು ಬಂದವು. ಒಂದರಲ್ಲಿ ಬೆಳ್ಳಿಕೂದಲಿನ ಪ್ರೊಫೆಸರಮ್ಮ, ಇನ್ನೊಂದರಲ್ಲಿ ಗಡ್ಡ ಬಿಟ್ಟ ಕಿರಿಯ ಮೇಷ್ಟ್ರು, ಮೂರನೆಯದು ಬರೀ ಕಪ್ಪು. ಯಾರೋ ಕೆಮ್ಮುವುದು ಮಾತ್ರ ಅದರಿಂದ ಕೇಳುತ್ತಿತ್ತು. ಪ್ರೊಫೆಸರಮ್ಮನ ಕನ್ನಡಕ ಮೂಗಿನ ಮೇಲೆ ಜಾರಿ ಕೂತಿತ್ತು. ಕಡ್ಡಿ ಸಡಿಲವಾಗಿದೆ ಎಂದುಕೊಂಡಳು, ಅಕ್ಕ ಆಗಿದ್ದರೆ ಕೈ ಚಾಚಿಬಿಡುತ್ತಿದ್ದಳು. ಕಿರಿಯ ಮೇಷ್ಟ್ರು ಸಂಖ್ಯಾಶಾಸ್ತ್ರದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವಳ ಬಾಯಿ ತಾನಾಗಿ ಉತ್ತರಿಸಿತು. ಆಮೇಲೆ, "ನಿಮ್ಮ ಅರ್ಜಿಯಲ್ಲಿ ಅಂಗಡಿಗಳ ಕೆಲಸದ ಬಗ್ಗೆ ಬರೆದಿದೀರಲ್ಲ, ಸ್ವಲ್ಪ ವಿವರವಾಗಿ ಹೇಳ್ತೀರಾ?" ಎಂದರು. ಇದಕ್ಕೆ ಅವಳು ಬಚ್ಚಲುಮನೆಯ ಕನ್ನಡಿಯೆದುರು ತಯಾರಿ ನಡೆಸಿದ್ದಳು. ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕೊಂಚ ವಿನಯ ತೋರಿಸಬೇಕು ಎಂಬುದನ್ನೂ ಗೊತ್ತುಮಾಡಿಕೊಂಡಿದ್ದಳು. ಆದರೆ ಅಲ್ಲಿ ಅಭ್ಯಾಸ ಮಾಡುವಾಗ ಈ ಮನೆ ಇರಲಿಲ್ಲ, ಸಂದಿ ಬಿಟ್ಟ ಈ ಬಾಗಿಲಿರಲಿಲ್ಲ. ದನಿ ತಗ್ಗಿಸಿ ಶುರುಮಾಡಿದಳು. "ಸ್ವಲ್ಪ ಜೋರಾಗಿ ಮಾತಾಡಿ, ಕೇಳ್ತಿಲ್ಲ," ಎಂದಿತು ಕಪ್ಪು ಚೌಕ. ಜೋರಾಗಿ ಮಾತಾಡಿದಳು. ನಾನು ಲೆಕ್ಕ ಹಾಕಿದೆ, ನಾನು ಗುರುತಿಸಿದೆ, ನಾನು ಶಿಫಾರಸು ಮಾಡಿದೆ. ನಾನು, ನಾನು. ಅಡುಗೆಮನೆಯಲ್ಲಿ ನಲ್ಲಿಯ ನೀರು ಸಣ್ಣಗೆ ಬೀಳುತ್ತಿತ್ತು. ಕಂಪನಿಗೆ ಎಷ್ಟು ಉಳಿತಾಯವಾಯಿತು ಎಂದು ಹೇಳಿದಾಗ ಗಡ್ಡದ ಮೇಷ್ಟ್ರು ತಲೆದೂಗಿ ಏನೋ ಬರೆದುಕೊಂಡರು. ಅವಳಿಗೆ ಒಳಗೆಲ್ಲೋ ಬೆಚ್ಚಗಾಯಿತು.

ಆಗ ಪ್ರೊಫೆಸರಮ್ಮ ಕನ್ನಡಕ ಮೇಲೇರಿಸಿ ಮೊದಲ ಸಲ ಬಾಯಿಬಿಟ್ಟರು. "ಮುಚ್ಚಿದ ಅಂಗಡಿಗಳಲ್ಲಿ ಕೆಲಸ ಮಾಡ್ತಿದ್ದವರು ಏನಾದ್ರಮ್ಮ?"

ಆ ದನಿಯಲ್ಲಿ ಕೊಕ್ಕೆಯಿರಲಿಲ್ಲ. ಯಾರೋ ಹಿರಿಯರು ಊರಕಡೆಯವರ ಸಮಾಚಾರ ವಿಚಾರಿಸಿದ ಹಾಗಿತ್ತು. ಗೊತ್ತಿಲ್ಲ ಮೇಡಂ, ಅನ್ನಬಹುದಿತ್ತು. ಕೆಲಸ ಹೋಯಿತು ಮೇಡಂ, ಅನ್ನಬಹುದಿತ್ತು. ಅಂದಿದ್ದರೂ ಅವರು ನಿಟ್ಟುಸಿರಿಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರೇನೋ. ಅವಳು ನಕ್ಕು, "ಎಲ್ಲರನ್ನೂ ಬೇರೆ ಬ್ರಾಂಚುಗಳಿಗೆ ಹೊಂದಿಸಿಕೊಂಡ್ರು ಮೇಡಂ. ಯಾರಿಗೂ ತೊಂದರೆ ಆಗಲಿಲ್ಲ," ಎಂದಳು.

ನಲ್ಲಿಯ ಸದ್ದು ನಿಂತಿತು.

"ಸಂತೋಷ," ಎಂದರು ಪ್ರೊಫೆಸರಮ್ಮ. "ಹಾಗೆ ಆಗೋದು ಅಪರೂಪ." ಅವಳು ಪರದೆಯ ಮೂಲೆಯ ಚೌಕದಲ್ಲಿ ತನ್ನ ಮುಖ ನೋಡಿದಳು. ಅದರಲ್ಲೇನೂ ಬದಲಾಗಿರಲಿಲ್ಲ. ತಿಳಿನೀಲಿ ಗೋಡೆಯ ಮುಂದೆ ಕೂತ, ತಲೆ ನೀಟಾಗಿ ಬಾಚಿದ, ನಂಬಬಹುದಾದ ಹೆಂಗಸು. ಇನ್ನೂ ಎರಡು ಪ್ರಶ್ನೆ ಕೇಳಿದರು, ಅವಳು ಉತ್ತರ ಕೊಟ್ಟಳು, ಧನ್ಯವಾದ ಹೇಳಿದಳು. ಚೌಕಗಳು ಒಂದೊಂದಾಗಿ ಆರಿಹೋದವು.

ಅವಳು ಏಳಲಿಲ್ಲ. ಅಕ್ಕನಿಗೆ ಕೇಳಿಸಿರಲಾರದು ಎಂದುಕೊಂಡಳು. ನಲ್ಲಿ ನಿಂತದ್ದು ಪಾತ್ರೆ ಮುಗಿದದ್ದಕ್ಕಿರಬೇಕು. ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದು ಚೂರುಗಳನ್ನು ಚಾಪೆಯಡಿ ತಳ್ಳಿ, ಅದರ ಮೇಲೆಯೇ ಕೂತು ಪಾಠ ಓದಿದ್ದಳು. ಅಕ್ಕ ಬಂದು ಎದ್ದೇಳು ಅನ್ನುವವರೆಗೂ ಅಲುಗದೆ ಕೂತಿದ್ದಳು. ಬಾಗಿಲು ಸರಿಯಿತು. ಅಕ್ಕ ಎರಡು ಲೋಟ ಟೀ ತಂದು ಮೇಜಿನ ಮೇಲಿಟ್ಟಳು. ನೈಟಿ ಬದಲಿಸಿ ಒಳ್ಳೆಯ ಚೂಡಿದಾರ ಹಾಕಿಕೊಂಡಿದ್ದಳು. ಸಂದರ್ಶನದವರು ತನ್ನನ್ನೂ ಮಾತಾಡಿಸಬಹುದು ಅಂದುಕೊಂಡಿದ್ದಳೋ ಏನೋ.

"ಮುಗೀತಾ?"

"ಹೂಂ."

"ಚೆನ್ನಾಗಿ ಮಾತಾಡ್ದೆ. ನೀನು ಇಷ್ಟು ಚೆನ್ನಾಗಿ ಮಾತಾಡ್ತೀಯ ಅಂತ ನಂಗೇ ಗೊತ್ತಿರ್ಲಿಲ್ಲ." ಅಕ್ಕ ಸ್ಟೂಲು ಹತ್ತಿ ಸೂಟ್‌ಕೇಸು ಇಳಿಸಿ ಬೆಡ್‌ಶೀಟು ಎಳೆದಳು. "ಆ ಕಡೆ ಹಿಡ್ಕೊ, ಮಡಿಸೋಣ."

ಇಬ್ಬರೂ ಕೋಣೆಯ ಎರಡು ಕೊನೆಗೆ ನಿಂತರು. ಅಂಚಿಗೆ ಅಂಚು ಸೇರಿಸಿ ಜಗ್ಗಿದರು. ಚಿಕ್ಕವಳಿದ್ದಾಗ ಈ ಜಗ್ಗಾಟದಲ್ಲಿ ಅಕ್ಕ ಬೇಕೆಂದೇ ಬಲವಾಗಿ ಎಳೆದು ಅವಳು ಮುಗ್ಗರಿಸುವಂತೆ ಮಾಡುತ್ತಿದ್ದಳು. ಈಗ ಎಳೆಯಲಿಲ್ಲ. ನಡೆದು ಹತ್ತಿರ ಬಂದು ತನ್ನ ಕೈಲಿದ್ದ ತುದಿಗಳನ್ನು ತಂಗಿಯ ಬೆರಳಿಗೆ ಕೊಡುವಾಗ ಬಟ್ಟೆ ನೋಡುತ್ತಲೇ ಕೇಳಿದಳು. "ಗುಬ್ಬಿ, ನನ್ನನ್ನ ಯಾವ ಬ್ರಾಂಚಿಗೆ ಹಾಕಿದ್ರೇ?"

"ಅಕ್ಕ, ಅವರು ಹಾಗೆ ಕೇಳ್ತಾರೆ ಅಂತ ನಾನು..."

"ಗೀಟು ಎಳೆದದ್ದು ನೀನೇನಾ?"

"ಹೂಂ."

"ನನ್ನ ಅಂಗಡೀನೂ ಅದರಲ್ಲಿದೆ ಅಂತ ಗೊತ್ತಿತ್ತಾ?"

ಅವಳು ಗೊತ್ತಿತ್ತು ಎಂದು ತಲೆಯಾಡಿಸಿದಳು. ಅಕ್ಕ ಬೆಡ್‌ಶೀಟನ್ನು ಅವಳ ಕೈಯಿಂದ ತೆಗೆದುಕೊಂಡು ಇನ್ನೊಂದು ಮಡಿಕೆ ಹಾಕಿದಳು. ಅವಳು ಅಕ್ಕನ ಮುಖ ನೋಡಿದಳು. ಕೋಪ ಬರಲಿ ಎಂದು ಕಾದಳು. ಬೈದರೆ ಸಾಕು, ಅತ್ತುಬಿಡಬಹುದಿತ್ತು.

"ಅಂಗಡಿ ಮುಚ್ಚೋದು ಮುಚ್ತಿತ್ತೇನೋ, ಅದನ್ನ ನಾನು ಕಾಣೆ," ಎಂದಳು ಅಕ್ಕ. "ಒಂದು ಮಾತು ಕಿವೀಲಿ ಹಾಕಬಹುದಿತ್ತು ಕಣೇ. ಎದುರುಗಡೆ ಕಣ್ಣಿನ ಡಾಕ್ಟರು ಕೆಲಸಕ್ಕೆ ಒಬ್ಬರನ್ನ ಹುಡುಕ್ತಿದ್ರು ಆಗ. ನನ್ನನ್ನೇ ಕೇಳಿದ್ರು. ಇಲ್ಲ ಸಾರ್, ನಾನು ಇರೋ ಕಡೆ ಚೆನ್ನಾಗಿದೀನಿ ಅಂದೆ. ಅದೇ ವಾರ ನೀನು ಊಟಕ್ಕೆ ಬಂದಿದ್ದೆ. ನಿನಗೂ ಹೇಳ್ದೆ ಅದನ್ನ, ನಗ್ತಾ."

ಹೇಳಿದ್ದಳು. ಅವಳಿಗೆ ಈಗ ನೆನಪಾಯಿತು. ಬಾಯಲ್ಲಿ ತುತ್ತಿತ್ತು, ತಲೆದೂಗಿದ್ದಳು. ಡಾಕ್ಟರಿಗೆ ಬೇಡ ಎಂದ ಜಂಬವನ್ನು ಅಕ್ಕ ಅಭಿನಯಿಸಿ ತೋರಿಸಿದ್ದಳು, ಭಾವ ನಕ್ಕು ಕೆಮ್ಮಿದ್ದ. ಇಷ್ಟು ತಿಂಗಳು ಆ ದೃಶ್ಯ ಎಲ್ಲಿ ಹೋಗಿತ್ತು? ಗೀಟಿನ ಬಗ್ಗೆ ಎಷ್ಟು ಕೊರಗಿದ್ದಳು, ತನ್ನ ಮುಂದೆ ತಾನೇ ಎಷ್ಟು ವಾದಿಸಿದ್ದಳು. ಈ ಒಂದು ತುತ್ತನ್ನು ಮಾತ್ರ ನೆನಪು ಸದ್ದಿಲ್ಲದೆ ನುಂಗಿಬಿಟ್ಟಿತ್ತು.

"ನಾನು ಅವರಿಗೆ ಮೇಲ್ ಬರೀತೀನಿ ಅಕ್ಕ. ಸುಳ್ಳು ಹೇಳ್ದೆ ಅಂತ."

"ಬರೆದ್ರೆ?"

"ಬರೆದ್ರೆ... ಸರಿ ಆಗುತ್ತೆ."

"ನಿನಗೆ ಹಗುರ ಆಗುತ್ತೆ," ಎಂದಳು ಅಕ್ಕ. "ಸೀಟು ಹೋಗುತ್ತೆ. ಆಮೇಲೆ ಅಕ್ಕನ ದೆಸೆಯಿಂದ ಹೋಯ್ತು ಅಂತ ಅದೂ ನನ್ನ ತಲೆಗೇ ಬರುತ್ತೆ. ಬೇಡಮ್ಮ ತಾಯಿ. ಟೀ ಕುಡಿ, ಆರುತ್ತೆ."

ಟೀ ಕುಡಿದಳು. ಕುಡಿಯದೆ ಹೋಗಬೇಕಿತ್ತೇ, ಕುಡಿದೇ ಹೋಗಬೇಕಿತ್ತೇ ಎಂದು ಬಸ್ಸಿನಲ್ಲಿ ಕೂತ ಮೇಲೂ ಗೊತ್ತಾಗಲಿಲ್ಲ. ಪಕ್ಕದ ಸೀಟಿನ ಮುದುಕ ತೂಕಡಿಸಿ ಅವಳ ಭುಜಕ್ಕೆ ಒರಗುತ್ತಿದ್ದ, ಎಚ್ಚೆತ್ತು ಕ್ಷಮಿಸಮ್ಮ ಅನ್ನುತ್ತಿದ್ದ, ಮತ್ತೆ ಒರಗುತ್ತಿದ್ದ. ಅವಳು ಫೋನು ತೆಗೆದು ವಿಶ್ವವಿದ್ಯಾಲಯಕ್ಕೆ ಮೇಲ್ ಬರೆಯತೊಡಗಿದಳು. ಮೊದಲ ಪ್ಯಾರಾ ಚೆನ್ನಾಗಿ ಬಂತು. ಅಂಕಿಗಳ ಹಿಂದೆ ಮನುಷ್ಯರಿರುತ್ತಾರೆ ಎಂಬ ಅರಿವು ತನಗೆ ಈಗ ಮೂಡಿದೆ ಎಂಬ ಸಾಲಂತೂ ಬಹಳ ಚೆನ್ನಾಗಿ ಬಂತು. ಅದನ್ನು ಮತ್ತೊಮ್ಮೆ ಓದಿ, 'ಅರಿವು' ತೆಗೆದು 'ಎಚ್ಚರ' ಎಂದು ಹಾಕಿ, ತುಟಿಯಲ್ಲೇ ಉಚ್ಚರಿಸಿ ನೋಡುತ್ತಿರುವಾಗ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ಇದನ್ನು ಓದಿ ಪ್ರೊಫೆಸರಮ್ಮ ಮೆಚ್ಚಲಿ ಎಂದು ಬರೆಯುತ್ತಿದ್ದಳು. ಎಂಥ ಪ್ರಾಮಾಣಿಕ ಹುಡುಗಿ ಎಂದು ಸೀಟು ಕೊಟ್ಟಾರು ಎಂಬ ಆಸೆ ಪದಗಳ ನಡುವೆ ಜೊಲ್ಲು ಸುರಿಸುತ್ತಾ ಕೂತಿತ್ತು. ಅವಳು ಅಷ್ಟನ್ನೂ ಅಳಿಸಿದಳು. ಮುಚ್ಚಿದ ಅಂಗಡಿಗಳವರನ್ನು ಎಲ್ಲಿಗೂ ಹೊಂದಿಸಲಿಲ್ಲ, ಕೆಲಸದಿಂದ ತೆಗೆದರು. ನಾನು ಸಂದರ್ಶನದಲ್ಲಿ ಹೇಳಿದ್ದು ಸುಳ್ಳು, ಎಂದಷ್ಟೇ ಬರೆದಳು. ಅಕ್ಕ ಬೇಡ ಎಂದಿದ್ದಳು. ಮುದುಕನ ತಲೆ ಭುಜಕ್ಕೆ ತಾಗಿದಾಗ ಬೆರಳು ತಾನಾಗಿ ಒತ್ತಿತು ಎಂದು ಆಮೇಲೆ ನೆಪ ಹೂಡಿಕೊಳ್ಳಬಹುದಿತ್ತು. ಆದರೆ ಮುದುಕ ಆಗ ಎಚ್ಚರವಾಗಿ ಕಿಟಕಿಯಾಚೆ ನೋಡುತ್ತಿದ್ದ. ಕಳಿಸಿದ್ದು ಅವಳೇ.

ಉತ್ತರ ಪ್ರವೇಶ ವಿಭಾಗದ ಗುಮಾಸ್ತರೊಬ್ಬರಿಂದ ಬಂತು. ಸಂದರ್ಶನದ ಅಂಕಗಳನ್ನು ಈಗಾಗಲೇ ದಾಖಲಿಸಲಾಗಿದೆ, ನಂತರ ಬಂದ ಮಾಹಿತಿಯನ್ನು ಪರಿಗಣಿಸಲು ಅವಕಾಶವಿಲ್ಲ, ನಿಮ್ಮ ಸಂಪರ್ಕಕ್ಕೆ ವಂದನೆಗಳು. ಆ ಪತ್ರವನ್ನು ಅವಳು ಮತ್ತೆ ಮತ್ತೆ ಓದಿದಳು. ಅವಳ ನಾಚಿಕೆಯನ್ನು ಇಟ್ಟುಕೊಳ್ಳಲು ಆ ಕಟ್ಟಡದಲ್ಲಿ ಯಾರ ಬಳಿಯೂ ಜಾಗವಿರಲಿಲ್ಲ. ಪ್ರೊಫೆಸರಮ್ಮನವರೆಗೆ ಅದು ಹೋಯಿತೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಕೆಲವು ವಾರಗಳ ನಂತರ ಸೀಟು ಸಿಕ್ಕಿದೆ ಎಂಬ ಪತ್ರ ಬಂತು. ಮ್ಯಾನೇಜರು ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದರು. ಬೇಡ ಎಂದು ಬರೆದುಬಿಡಲೇ ಎಂದು ಎರಡು ದಿನ ಯೋಚಿಸಿದಳು. ಬೇಡ ಎನ್ನುವುದು ಇನ್ನೊಂದು ನಾಟಕವಾದೀತು ಎಂದು ತನಗೆ ತಾನೇ ಹೇಳಿಕೊಂಡು ಒಪ್ಪಿಗೆ ಕಳಿಸಿದಳು. ಆ ಮಾತು ನಿಜವಿರಬಹುದು. ಅನುಕೂಲವಾಗಿಯಂತೂ ಇತ್ತು.

ಅಕ್ಕನಿಗೆ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಮನೆಗೆ ಹೋದರೆ ಬಾಗಿಲು ತೆರೆದದ್ದು ಭಾವ. "ಬಾಮ್ಮ. ಅವಳು ಕೆಲಸಕ್ಕೆ ಹೋಗಿದಾಳೆ. ಹೇಳಲಿಲ್ವಾ ನಿನಗೆ? ಈ ವಾರ ಸೇರಿದ್ಲು, ಆ ಸರ್ಕಲ್ಲಿನ ಹತ್ರ ಡ್ರೈಕ್ಲೀನಿಂಗ್ ಅಂಗಡಿ," ಎಂದ. ಭಾವನ ಮುಖದಲ್ಲಿ ಮಾಮೂಲಿ ನಗು ಇತ್ತು. ಅಕ್ಕ ಗಂಡನಿಗೆ ಏನೂ ಹೇಳಿಲ್ಲ ಎಂದು ಆ ನಗುವಿನಿಂದ ಅವಳಿಗೆ ತಿಳಿಯಿತು. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಂಗಡಿಯ ಗಾಜಿನಾಚೆ ಅಕ್ಕ ಕಂಡಳು. ಅಂಗಡಿಯವರ ಹಸಿರು ಕೋಟು ಅವಳಿಗೆ ದೊಡ್ಡದಾಗಿತ್ತು, ತೋಳುಗಳನ್ನು ಮಡಿಸಿದ್ದಳು. ಅವಳಿಗಿಂತ ಬಹಳ ಚಿಕ್ಕವಳಾದ ಮೇಲ್ವಿಚಾರಕಿ ಪಕ್ಕದಲ್ಲಿ ನಿಂತು ಏನೋ ತಿದ್ದುತ್ತಿದ್ದಳು. ಬಾಗಿಲು ತಳ್ಳಿದಾಗ ಮಾತು ಕೇಳಿಸಿತು. "ಆಂಟಿ, ಎಷ್ಟು ಸಲ ಹೇಳೋದು, ಮೊದಲು ಜೇಬು ನೋಡಿ, ಆಮೇಲೆ ಚೀಟಿ ಕಟ್ಟಿ." "ತಪ್ಪಾಯ್ತಮ್ಮ, ಇನ್ನೂ ಕೈಗೆ ಹಿಡೀಲಿಲ್ಲ," ಎಂದು ಅಕ್ಕ ನಗುತ್ತಾ ಯಾರದೋ ಕೋಟಿನ ಜೇಬಿನೊಳಗೆ ಕೈಹಾಕಿದಳು. ತಂಗಿಗೆ ಹಿಂದೆ ಸರಿದು ಹೊರಟುಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅಕ್ಕ ತಲೆಯೆತ್ತಿದಳು.

"ಏನೇ ಇಲ್ಲಿ?"

"ಸೀಟು ಬಂತು ಅಕ್ಕ." ದನಿ ಎಷ್ಟು ಸಣ್ಣಗಿತ್ತೆಂದರೆ ಎರಡನೆಯ ಸಲ ಹೇಳಬೇಕಾಯಿತು.

ಅಕ್ಕ ಅವಳನ್ನು ನೋಡಿದಳು. ಆಮೇಲೆ ಮೇಲ್ವಿಚಾರಕಿಯ ಕಡೆ ತಿರುಗಿ, "ಇವಳು ನನ್ನ ತಂಗಿ ಕಣಮ್ಮ. ದೊಡ್ಡ ಓದು ಓದೋಕೆ ಹೋಗ್ತಿದಾಳೆ. ನಮ್ಮ ಮನೇಲಿ ಇವಳೇ ಮೊದಲು," ಎಂದಳು. ಅವಳು ಆ ದನಿಯಲ್ಲಿ ಕುಹಕ ಹುಡುಕಿದಳು. ಕಣ್ಣಿನಲ್ಲಿ ಹುಡುಕಿದಳು, ತುಟಿಯ ಕೊನೆಯಲ್ಲಿ ಹುಡುಕಿದಳು. ಅಕ್ಕನ ಮುಖ ತುಂಬ ಬರೀ ಹೆಮ್ಮೆ ಇತ್ತು, ದಣಿದ, ಬಚ್ಚಿಡಲಾರದ ಹೆಮ್ಮೆ.

"ಹೌದಾ! ನೀವು ಏನು ಓದ್ತೀರಾ?" ಎಂದಳು ಮೇಲ್ವಿಚಾರಕಿ, ಮೊದಲ ಸಲ ಮುಖ ಅರಳಿಸಿ.

ಅಕ್ಕನೂ ತಂಗಿಯ ಬಾಯನ್ನೇ ನೋಡುತ್ತಾ ಕಾದಳು. ವಿಷಯದ ಹೆಸರು ಎರಡೇ ಪದ, ಗೀಟು ಎಳೆದ ಕೆಲಸದ ಹೆಸರೂ ಅದೇ. ಮೇಜಿನ ಮೇಲೆ ಯಾರದೋ ಕೋಟಿನ ಜೇಬುಗಳು ಹೊರಗೆ ಮಗುಚಿಕೊಂಡು ನಾಲಿಗೆ ಚಾಚಿದಂತೆ ಬಿದ್ದಿದ್ದವು. ಅವಳು ಒಂದು ಜೇಬನ್ನು ಒಳಕ್ಕೆ ತಳ್ಳಿದಳು. ಬೆನ್ನ ಹಿಂದೆ ಬಾಗಿಲು ತೆರೆದು ಯಾರೋ ಬಟ್ಟೆಗಂಟು ಹೊತ್ತು ಒಳಗೆ ಬಂದರು.

"ಸರಿ, ಸರಿ, ಆಮೇಲೆ ಹೇಳೀಯಂತೆ," ಎಂದಳು ಅಕ್ಕ, ಆಗಲೇ ಚೀಟಿಯ ಪುಸ್ತಕಕ್ಕೆ ಕೈಚಾಚುತ್ತಾ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊ ಗುಬ್ಬಿ, ಗಿರಾಕಿ ಬಂದಿದಾರೆ."

ಅವಳು ಪಕ್ಕಕ್ಕೆ ಸರಿದು ನಿಂತಳು.